ಮರಳಿನ ದ್ವೀಪಕ್ಕೆ ಒಂದು ದಿನದ ಪಯಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಕ್ಕಳು ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಗಡಿನಾಡಿನ ಓದುಗರಿಂದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಗಾರಿ ದ್ವೀಪದ ಬಗ್ಗೆ ಹಲವು ಪತ್ರಗಳು ಬಂದಿವೆ. ಹೆಚ್ಚಿನವರು ಅದನ್ನು ಫ್ರೇಸರ್ ದ್ವೀಪ ಎಂದೇ ಬರೆದಿದ್ದಾರೆ. ಅಲ್ಲಿನ ಮೂಲನಿವಾಸಿಗಳಾದ ಬುಚ್ಚುಲ್ಲಾ ಜನರು ಇಟ್ಟ ಗಾರಿ ಎಂಬ ಹೆಸರೇ 2023ರಿಂದ ಇಡೀ ದ್ವೀಪದ ಅಧಿಕೃತ ಹೆಸರಾಗಿರುವುದರಿಂದ ಉತ್ತರಗಳಲ್ಲಿ ಅದನ್ನೇ ಬಳಸಿದ್ದೇನೆ.

ಮಗ ಬ್ರಿಸ್ಬೇನ್‌ನಲ್ಲಿದ್ದಾನೆ. ಜುಲೈಯಲ್ಲಿ ನಾನೂ ನನ್ನ ಹೆಂಡತಿಯೂ ಹೋಗುವವರಿದ್ದೇವೆ. ದ್ವೀಪಕ್ಕೆ ಬಾಡಿಗೆ ಜೀಪಿನಲ್ಲಿ ತಾನೇ ಕರೆದೊಯ್ಯುವುದೋ, ಮಾರ್ಗದರ್ಶಿ ಇರುವ ಒಂದು ದಿನದ ಪ್ರವಾಸಕ್ಕೆ ಸೇರಿಸುವುದೋ ಎಂದು ಅವನು ಕೇಳುತ್ತಿದ್ದಾನೆ. ಇಬ್ಬರಿಗೂ ಅರುವತ್ತೈದು ದಾಟಿದೆ, ಆಕೆಗೆ ಸೊಂಟನೋವೂ ಇದೆ. ಯಾವುದು ಒಳ್ಳೆಯದು?
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ಮಾನ್ಯರೇ, ಮಾರ್ಗದರ್ಶಿ ಇರುವ ಪ್ರವಾಸಕ್ಕೇ ಸೇರಿಕೊಳ್ಳಿ. ನಿಮ್ಮ ಮಗ ಒಳ್ಳೆಯ ಚಾಲಕನೇ ಇರಬಹುದು, ಆದರೆ ಈ ದ್ವೀಪದಲ್ಲಿ ದಿನದ ವೇಳಾಪಟ್ಟಿಯನ್ನು ನಿರ್ಧರಿಸುವುದು ಕಡಲಿನ ಉಬ್ಬರ ಇಳಿತ. ಪೂರ್ವದ ಕಡಲಂಚಿನಲ್ಲಿ ಉದ್ದಕ್ಕೂ ಚಾಚಿರುವ ಸೆವೆಂಟಿಫೈವ್ ಮೈಲ್ ಬೀಚ್ ಅಲ್ಲಿನ ಕಾನೂನಿನ ಪ್ರಕಾರ ಸಾರ್ವಜನಿಕ ರಸ್ತೆ. ಗಂಟೆಗೆ 80 ಕಿಲೋಮೀಟರಿನ ವೇಗಮಿತಿ, ಸೀಟ್ ಬೆಲ್ಟ್, ಕುಡಿದು ಓಡಿಸುವವರ ತಪಾಸಣೆ ಎಲ್ಲವೂ ಅಲ್ಲಿವೆ. ಸಾಲದ್ದಕ್ಕೆ ಸಣ್ಣ ವಿಮಾನಗಳೂ ಅದೇ ಮರಳಿನ ಮೇಲೆ ಇಳಿಯುತ್ತವೆ. ಆದರೆ ಉಬ್ಬರ ಏರಿದಾಗ ಈ ರಸ್ತೆಯೇ ನೀರಿನಡಿಗೆ ಹೋಗುತ್ತದೆ. ಉಬ್ಬರ ತುಂಬಿದ ಹೊತ್ತಿನ ಹಿಂದೆ ಎರಡು ಗಂಟೆ, ಮುಂದೆ ಎರಡು ಗಂಟೆ ಅಲ್ಲಿ ವಾಹನ ಓಡಿಸಬಾರದು. ಈ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಮುಂದಕ್ಕೆ ಹೋಗುತ್ತಿರುವುದರಿಂದ, ಈ ವಾರ ಬೆಳಗ್ಗೆ ಸಮುದ್ರತೀರ, ಮಧ್ಯಾಹ್ನ ಸರೋವರ ಎಂದಿದ್ದ ಪ್ರವಾಸ ಮುಂದಿನ ವಾರ ತಿರುಗುಮುರುಗಾಗಬಹುದು. ಮುದ್ರಿತ ಕ್ರಮ ಬದಲಾದರೆ ಮೋಸವಾಯಿತೆಂದು ದಯವಿಟ್ಟು ಭಾವಿಸಬೇಡಿ. ಇಳಿತ ನೋಡಿ ಕ್ರಮ ಬದಲಿಸುವ ಮಾರ್ಗದರ್ಶಿಯೇ ತನ್ನ ಕೆಲಸ ಬಲ್ಲವನು.

ಬ್ರಿಸ್ಬೇನ್‌ನಿಂದ ಹರ್ವಿ ಬೇ ಪಟ್ಟಣಕ್ಕೆ ಸುಮಾರು 290 ಕಿಲೋಮೀಟರ್ ದೂರವಿದ್ದು, ಕಾರಿನಲ್ಲಿ ಮೂರೂವರೆ ನಾಲ್ಕು ಗಂಟೆ ಹಿಡಿಯುತ್ತದೆ. ಬ್ರಿಸ್ಬೇನ್‌ನಿಂದಲೇ ನಸುಕಿನಲ್ಲಿ ಹೊರಟು ರಾತ್ರಿ ಹಿಂತಿರುಗುವ ಪ್ರವಾಸವನ್ನು ನಿಮ್ಮ ಪ್ರಾಯದವರಿಗೆ ನಾನು ಹೇಳಲಾರೆ. ಹಿಂದಿನ ಸಂಜೆಯೇ ಹರ್ವಿ ಬೇ ತಲುಪಿ ಅಲ್ಲಿ ತಂಗಿರಿ. ಬೆಳಗ್ಗೆ ಪ್ರವಾಸದ ಬಸ್ಸು ವಸತಿಗೃಹದ ಬಾಗಿಲಿಗೇ ಬಂದು ಕರೆದೊಯ್ಯುತ್ತದೆ. ಪಟ್ಟಣದ ದಕ್ಷಿಣಕ್ಕಿರುವ ರಿವರ್ ಹೆಡ್ಸ್ ಎಂಬ ಕಡವಿನಿಂದ ವಾಹನಗಳನ್ನೂ ಹೊತ್ತೊಯ್ಯುವ ಫೆರ್ರಿ ಹೊರಟು, ಒಂದು ಗಂಟೆಯೊಳಗೆ ದ್ವೀಪದ ಪಶ್ಚಿಮದ ದಡ ಸೇರುತ್ತದೆ. ಇಲ್ಲಿ ಅಲೆಗಳ ಹೊಡೆತವಿಲ್ಲದ ಕಾರಣ ವಾಂತಿಯ ಭಯ ಬೇಡ.

ಸೊಂಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಜಾಹೀರಾತಿನ ಚಿತ್ರಗಳಲ್ಲಿ ಇದು ಕಾಣುವುದಿಲ್ಲ. ಕಡಲಂಚಿನ ಮರಳು ಒದ್ದೆಯಾಗಿ ಗಟ್ಟಿಯಾಗಿರುವುದರಿಂದ ಅಲ್ಲಿ ಬಸ್ಸು ಸರಾಗವಾಗಿ ಓಡುತ್ತದೆ. ನಡುಗಾಡಿನ ದಾರಿಯ ಸಂಗತಿಯೇ ಬೇರೆ. ಅದು ಒಂದೇ ವಾಹನಕ್ಕೆ ಸಾಲುವಷ್ಟು ಅಗಲದ, ಮರಗಳ ಬೇರು ಅಡ್ಡ ಹಾಯ್ದ, ಗುಂಡಿಬಿದ್ದ ಒಣಮರಳಿನ ಓಣಿ. ಅಲ್ಲಿ ವೇಗಮಿತಿಯೇ 30 ಕಿಲೋಮೀಟರ್, ಬಹುತೇಕ ಕಡೆ ಅಷ್ಟೂ ಸಾಧ್ಯವಿಲ್ಲ. ಎತ್ತರದ ಚಾಸಿಯ ಫೋರ್‌ವೀಲ್ ಡ್ರೈವ್ ಬಸ್ಸು ಎಡಕ್ಕೂ ಬಲಕ್ಕೂ ತೊನೆಯುತ್ತ, ಆಗಾಗ ಧೊಪ್ಪನೆ ಕುಸಿಯುತ್ತ ಸಾಗುತ್ತದೆ. ಹಿಂದಿನ ಚಕ್ರದ ಮೇಲಿನ ಮತ್ತು ಅದರ ಹಿಂದಿನ ಆಸನಗಳಿಗೆ ಹೊಡೆತ ಹೆಚ್ಚು, ಎರಡು ಅಚ್ಚುಗಳ ನಡುವಿನ ಆಸನಗಳಿಗೆ ಕಡಿಮೆ. ಟಿಕೆಟ್ ಕಾಯ್ದಿರಿಸುವಾಗಲೇ ಸೊಂಟನೋವಿನ ವಿಷಯ ತಿಳಿಸಿ ಮುಂದಿನ ಅಥವಾ ನಡುವಿನ ಆಸನ ಕೇಳಿರಿ, ಸೊಂಟಪಟ್ಟಿ ಒಯ್ಯಿರಿ, ಊರಿನಿಂದ ಹೊರಡುವ ಮೊದಲೇ ನಿಮ್ಮ ವೈದ್ಯರಲ್ಲಿ ಈ ಕುಲುಕಾಟದ ಬಗ್ಗೆ ನೇರವಾಗಿ ಕೇಳಿರಿ. ಡಿಸ್ಕ್ ಜಾರಿದ ತೊಂದರೆಯೇ ಆಗಿದ್ದರೆ ಆಕೆ ಒಳದಾರಿಯ ಪ್ರವಾಸವನ್ನು ಕೈಬಿಡುವುದು ಮೇಲು. ಸುಸಜ್ಜಿತ ಆಸ್ಪತ್ರೆಯೆಲ್ಲ ಮುಖ್ಯಭೂಮಿಯಲ್ಲಿದೆ ಎಂಬುದನ್ನು ನೆನಪಿಡಿ, ಪ್ರಯಾಣವಿಮೆಯನ್ನು ತಪ್ಪಿಸಬೇಡಿ.

ಜುಲೈ ನಿಮಗೆ ಬಹಳ ಒಳ್ಳೆಯ ತಿಂಗಳು. ನಮ್ಮಲ್ಲಿ ಆಟಿಯ ಮಳೆ ಸುರಿಯುವಾಗ ಅಲ್ಲಿ ಒಣ ಚಳಿಗಾಲ. ಹಗಲು ಹಿತವಾಗಿರುತ್ತದೆ, ಬೆಳಗ್ಗೆ ಮತ್ತು ಸಂಜೆಗೆ ಸ್ವೆಟರ್ ಬೇಕು. ಜುಲೈಯಿಂದ ಅಕ್ಟೋಬರ್‌ವರೆಗೆ ಹರ್ವಿ ಬೇಯ ಕೊಲ್ಲಿಯೊಳಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ತಂಗುತ್ತವೆ. ಒಂದು ದಿನ ಹೆಚ್ಚು ಉಳಿಯಲು ಇದಕ್ಕಿಂತ ಒಳ್ಳೆಯ ಕಾರಣ ಬೇರೆ ಬೇಡ.

ಇಡೀ ದಿನದಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಮೆಕೆಂಜಿ ಸರೋವರ, ಹಿಂದೆ ಮರ ಕಡಿಯುವವರ ಶಿಬಿರವಿದ್ದ ಸೆಂಟ್ರಲ್ ಸ್ಟೇಶನ್ನಿನ ಕಾಡು, ಈಲೈ ತೊರೆ, ಮಹೇನೋ ಹಡಗಿನ ಅವಶೇಷ ಮತ್ತು ಬಣ್ಣಬಣ್ಣದ ಮರಳಿನ ದಿಬ್ಬಗಳು. ಮಹೇನೋ 1905ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಕಟ್ಟಿದ ಪ್ರಯಾಣಿಕರ ಹಡಗು. ಮೊದಲ ಮಹಾಯುದ್ಧದಲ್ಲಿ ತೇಲುವ ಆಸ್ಪತ್ರೆಯಾಗಿತ್ತು. 1935ರಲ್ಲಿ ಗುಜರಿಗೆಂದು ಜಪಾನಿಗೆ ಎಳೆದೊಯ್ಯುತ್ತಿದ್ದಾಗ ಚಂಡಮಾರುತದಲ್ಲಿ ಹಗ್ಗ ಕಡಿದು ಇಲ್ಲಿ ದಡಕ್ಕೆ ಬಿದ್ದಿತು. ತುಕ್ಕು ತಿಂದ ಕಬ್ಬಿಣವಾದ್ದರಿಂದ ದೂರದಿಂದಲೇ ನೋಡಿರಿ. ಈಲೈ ತೊರೆಯಲ್ಲಿ ಮಾತ್ರ ನೀವಿಬ್ಬರೂ ಇಳಿಯಲೇಬೇಕೆಂದು ನನ್ನ ಆಗ್ರಹ. ಗಂಟೆಗೆ ಸುಮಾರು 40 ಲಕ್ಷ ಲೀಟರ್ ಸಿಹಿನೀರು ಮರಳಿನೊಳಗಿಂದ ಒಸರಿ ಕಡಲಿಗೆ ಹರಿಯುವ ತೊರೆಯಿದು. ಹಲಗೆಹಾದಿಯಲ್ಲಿ ಮೇಲಕ್ಕೆ ನಡೆದುಹೋಗಿ, ಮೆಟ್ಟಿಲಿಳಿದು, ಮೊಣಕಾಲು ಸೊಂಟದಷ್ಟು ನೀರಿನಲ್ಲಿ ಹರಿವಿನ ಜೊತೆಗೇ ಕೆಳಗೆ ಬರಬಹುದು. ಅಡಿಯಲ್ಲಿ ಒಂದೇ ಒಂದು ಕಲ್ಲಿಲ್ಲ, ಪಾಚಿಯ ಜಾರಿಕೆಯಿಲ್ಲ. ನೀರು ಎಷ್ಟು ತಿಳಿಯಾಗಿದೆಯೆಂದರೆ ಹೆಜ್ಜೆಯಿಟ್ಟಾಗ ಕಾಲಬೆರಳಿನ ಸಂದಿಯಿಂದ ಮರಳಿನ ಕಣಗಳು ಎದ್ದು ಮತ್ತೆ ಕೂರುವುದನ್ನು ನಿಂತಲ್ಲೇ ನೋಡಬಹುದು.

ನಾನು ಹೊಸೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ಸ್ವಂತ ಫೋರ್‌ವೀಲ್ ಡ್ರೈವ್ ಜೀಪಿದೆ, ಕಾಡುದಾರಿ ಗುಡ್ಡದಾರಿಗಳಲ್ಲಿ ಓಡಿಸಿದ ಅಭ್ಯಾಸವಿದೆ. ಗಾರಿಯಲ್ಲಿ ನಾನೇ ಓಡಿಸಬಾರದೇಕೆ?
– ಓದುಗರು, ಹೊಸೂರು

ಓಡಿಸಬಾರದೆಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿರುವ ನಮ್ಮ ಚಾಲನಾ ಪರವಾನಗಿಯೊಂದಿಗೆ ಪ್ರವಾಸಿಗರು ಕ್ವೀನ್ಸ್‌ಲ್ಯಾಂಡಿನಲ್ಲಿ ವಾಹನ ಓಡಿಸಬಹುದು, ಅಲ್ಲಿಯೂ ಎಡಬದಿಯ ಸಂಚಾರವೇ. ದ್ವೀಪಕ್ಕೆ ಎತ್ತರದ, ಲೋ ರೇಂಜ್ ಗೇರಿರುವ (ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ) ಫೋರ್‌ವೀಲ್ ಡ್ರೈವ್ ವಾಹನವೇ ಬೇಕು, ಅದಕ್ಕೆ ಮುಂಚಿತವಾಗಿ ಪಡೆದ ಪ್ರವೇಶ ಪರವಾನಗಿಯೂ ಬೇಕು. ಸಾಮಾನ್ಯ ಬಾಡಿಗೆ ಕಾರುಗಳ ಕರಾರಿನಲ್ಲಿ ಮರಳಿನ ಮೇಲೆ ಓಡಿಸುವುದನ್ನು ನಿಷೇಧಿಸಿರುತ್ತಾರೆ. ಉಪ್ಪುನೀರಿನಿಂದಾದ ಹಾನಿಗೆ ವಿಮೆ ಸಿಗುವುದಿಲ್ಲ ಎಂಬ ಸಾಲು ಬಹುತೇಕ ಇದ್ದೇ ಇರುತ್ತದೆ. ಸಹಿ ಹಾಕುವ ಮೊದಲು ಆ ಸಾಲನ್ನು ಹುಡುಕಿ ಓದಿರಿ.

ಆದರೆ ಗುಡ್ಡದ ಅಭ್ಯಾಸ ಮರಳಿಗೆ ನೇರವಾಗಿ ಒದಗುವುದಿಲ್ಲ. ಕಲ್ಲುದಾರಿಯಲ್ಲಿ ಚಕ್ರ ಹಿಡಿತ ಹುಡುಕುತ್ತದೆ, ಮರಳಿನಲ್ಲಿ ಅದು ತೇಲಬೇಕು. ಹೆದ್ದಾರಿಯಲ್ಲಿ 35ರ ಆಸುಪಾಸಿನಲ್ಲಿರುವ ಟೈರಿನ ಗಾಳಿಯನ್ನು ಮೆದುಮರಳಿಗೆ ಇಳಿಯುವ ಮೊದಲು 18ರಿಂದ 20 ಪಿಎಸ್ಐಗೆ ಇಳಿಸುತ್ತಾರೆ. ವಾಲ್ವಿನ ಪಿನ್ನನ್ನು ಒತ್ತಿ ಹಿಡಿದು ನಾಲ್ಕೂ ಟೈರುಗಳ ಬಳಿ ಒಂದೊಂದಾಗಿ ಕುಳಿತು ಮಾಡುವ ಕೆಲಸವಿದು. ಗಾಳಿ ಇಳಿಯುತ್ತಿದ್ದಂತೆ ಟೈರಿನ ಬದಿ ಉಬ್ಬುತ್ತದೆ, ನೆಲಕ್ಕೆ ತಾಗುವ ಭಾಗ ಹಿಂದಕ್ಕೂ ಮುಂದಕ್ಕೂ ನೀಳವಾಗುತ್ತದೆ. ವಾಹನದ ಭಾರ ಆ ನೀಳ ಪಟ್ಟಿಯ ಮೇಲೆ ಹಂಚಿಹೋಗುವುದರಿಂದ ಚಕ್ರ ಹೂತುಹೋಗುವುದಿಲ್ಲ. ಆದರೆ ಹೀಗೆ ಗಾಳಿ ಕಡಿಮೆಯಾದ ಟೈರಿನಲ್ಲಿ ವೇಗವಾಗಿ ತಿರುವು ತೆಗೆದುಕೊಂಡರೆ ಅದು ರಿಮ್ಮಿನಿಂದ ಕಳಚಿಕೊಳ್ಳಬಹುದು. ಆದ್ದರಿಂದ ಸ್ಟೇರಿಂಗನ್ನು ಜಗ್ಗಬಾರದು, ಬ್ರೇಕನ್ನು ಒಮ್ಮೆಲೇ ತುಳಿಯಬಾರದು. ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡುತ್ತದೆ. ಕೂಡಲೇ ನಿಲ್ಲಿಸಿ, ಬಂದ ಜಾಡಿನಲ್ಲೇ ಮೆಲ್ಲನೆ ಹಿಂದಕ್ಕೆ ಬರಬೇಕು.

ಇದನ್ನೆಲ್ಲ ಕಲಿಯಬಹುದು. ನನಗೆ ಹೆಚ್ಚು ಅಳುಕು ಇರುವುದು ತೊರೆಗಳ ಬಾಯಿಯ ವಿಷಯದಲ್ಲಿ. ಸಿಹಿನೀರಿನ ತೊರೆಗಳು ಕಡಲು ಸೇರುವಲ್ಲಿ ಮರಳನ್ನು ಕೊರೆದು ಕಡಿದಾದ ಅಂಚಿನ ಕೊರಕಲುಗಳನ್ನು ಮಾಡುತ್ತವೆ. ಬಿಳಿಮರಳಿನ ಮೇಲೆ ಮಧ್ಯಾಹ್ನದ ಬಿಸಿಲಿಗೆ ನೆರಳೇ ಬೀಳದ ಕಾರಣ, ತೀರಾ ಹತ್ತಿರ ಬರುವವರೆಗೂ ಅವು ಕಣ್ಣಿಗೆ ಬೀಳುವುದಿಲ್ಲ. ನಿನ್ನೆ ಸಮತಟ್ಟಾಗಿದ್ದ ಜಾಗದಲ್ಲಿ ಇಂದು ಕೊರಕಲಿರಬಹುದು. ಸಮತಟ್ಟಾದ ತೀರವನ್ನು ನಂಬಿ ವೇಗವಾಗಿ ಬಂದವರ ವಾಹನಗಳು ಇಂಥಲ್ಲಿಯೇ ಮಗುಚಿವೆ. ದಿನವೂ ಆ ದಾರಿಯಲ್ಲಿ ಓಡಾಡುವ ಮಾರ್ಗದರ್ಶಿಗೆ ಇವತ್ತಿನ ಕೊರಕಲು ಎಲ್ಲಿದೆಯೆಂದು ಗೊತ್ತಿರುತ್ತದೆ, ಒಂದೇ ದಿನಕ್ಕೆಂದು ಹೋದ ನಿಮಗೆ ಗೊತ್ತಿರುವುದಿಲ್ಲ.

ಸ್ಟೇರಿಂಗ್ ಹಿಡಿಯಲೇಬೇಕೆಂಬ ಆಸೆಯಿದ್ದರೆ ನಡುವಿನ ದಾರಿಯೊಂದಿದೆ. ಮುಂದಿನ ವಾಹನದಲ್ಲಿ ಮಾರ್ಗದರ್ಶಿ, ಹಿಂದಿನ ವಾಹನಗಳಲ್ಲಿ ಸರದಿಯಂತೆ ಓಡಿಸುವ ಪ್ರವಾಸಿಗರು, ನಡುವೆ ರೇಡಿಯೋದಲ್ಲಿ ಸೂಚನೆ, ಹೀಗೆ ನಡೆಯುವ ಟ್ಯಾಗ್ ಅಲಾಂಗ್ ಪ್ರವಾಸಗಳು ಸಾಮಾನ್ಯವಾಗಿ ಎರಡು ಮೂರು ದಿನಗಳವು. ನಿಮಗೆ ಹೇಳಿ ಮಾಡಿಸಿದ್ದು ಅದೇ.

ಬರಿಯ ಮರಳಿನ ಮೇಲೆ ದಟ್ಟ ಕಾಡು ಬೆಳೆದಿದೆ, ನೂರಕ್ಕೂ ಹೆಚ್ಚು ಸಿಹಿನೀರಿನ ಸರೋವರಗಳಿವೆ ಎಂದು ಓದಿದೆ. ನಮ್ಮ ಕಡಪುರದ (ಕಡಲತೀರದ) ಹೊಯಿಗೆಯಲ್ಲಿ (ಮರಳಿನಲ್ಲಿ) ಹುಲ್ಲೂ ಸರಿಯಾಗಿ ಏಳುವುದಿಲ್ಲ. ಇದು ಹೇಗೆ ಸಾಧ್ಯ?
– ಕಾಲೇಜು ವಿದ್ಯಾರ್ಥಿನಿ, ಕುಂಬಳೆ

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಿಶೇಷ ಅಭಿನಂದನೆ. ಪ್ರವಾಸಿಗರಲ್ಲಿ ಹೆಚ್ಚಿನವರು ಸರೋವರದಲ್ಲಿ ಮಿಂದು ಚಿತ್ರ ತೆಗೆದು ಬರುತ್ತಾರೆ, ಆ ನೀರು ಅಲ್ಲಿ ಹೇಗೆ ನಿಂತಿದೆಯೆಂದು ಕೇಳುವುದಿಲ್ಲ.

ಆಸ್ಟ್ರೇಲಿಯಾದ ಆಗ್ನೇಯ ಭಾಗದ ನದಿಗಳು ಕಡಲಿಗೆ ತಂದು ಸುರಿದ ಮರಳನ್ನು ಅಲೆಗಳೂ ಪ್ರವಾಹಗಳೂ ಕರಾವಳಿಯುದ್ದಕ್ಕೆ ಉತ್ತರಕ್ಕೆ ಸಾಗಿಸಿದವು. ಇಂಡಿಯನ್ ಹೆಡ್‌ನಂಥ ಹಳೆಯ ಜ್ವಾಲಾಮುಖಿ ಶಿಲೆಯ ಕೆಲವು ಗುಡ್ಡಗಳು ಅದನ್ನು ತಡೆದು ಹಿಡಿದವು; ಗಾಳಿ ಅದನ್ನು ದಿಬ್ಬಗಳಾಗಿ ಪೇರಿಸಿತು. ಏಳು ಲಕ್ಷ ವರ್ಷಗಳಿಗೂ ಹಿಂದೆ ಆರಂಭವಾದ ಈ ಪೇರಿಕೆಯಿಂದ 120 ಕಿಲೋಮೀಟರಿಗಿಂತ ಉದ್ದದ, ಕೆಲವೆಡೆ 200 ಮೀಟರಿಗೂ ಮಿಕ್ಕಿ ಎತ್ತರದ, ಪ್ರಪಂಚದ ಅತಿ ದೊಡ್ಡ ಮರಳಿನ ದ್ವೀಪ ಉಂಟಾಗಿದೆ. 1992ರಲ್ಲಿ ಅದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಕಾಡಿನ ಸರದಿಯನ್ನು ಕಡಲಂಚಿನಿಂದ ಒಳಕ್ಕೆ ನಡೆಯುತ್ತ ಓದಬಹುದು. ಮೊದಲು ಸಿಗುವ ಮುಂಡುಗದ ಜಾತಿಯ ಗಿಡ ಮತ್ತು ಗಾಳಿಮರ ನಿಮ್ಮ ಕಡಪುರದಲ್ಲೂ ಇರುವಂಥವೇ. ಗಾಳಿಮರ ತನ್ನ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಅಲೆಯ ತುಂತುರು ಉಪ್ಪಿನ ಜೊತೆಗೆ ಅಷ್ಟಿಷ್ಟು ಪೋಷಕಾಂಶವನ್ನೂ ತಂದು ಚೆಲ್ಲುತ್ತದೆ. ಬಿದ್ದ ಎಲೆ ಕೊಳೆತು ತೆಳ್ಳನೆಯ ಹೊದಿಕೆಯಾಗುತ್ತದೆ. ಬೇರುಗಳಿಗೆ ಅಂಟಿಕೊಂಡು ಬೆಳೆಯುವ ಶಿಲೀಂಧ್ರಗಳು ಮರಳಿನ ಕಣಕಣದಿಂದ ಸತ್ವವನ್ನು ಹೀರಿ ಮರಕ್ಕೆ ಒದಗಿಸುತ್ತವೆ. ಪೋಷಕಾಂಶ ನೆಲಕ್ಕಿಂತ ಹೆಚ್ಚಾಗಿ ಮರಗಳಲ್ಲಿಯೇ ಇದ್ದು, ಎಲೆಯಿಂದ ಬೇರಿಗೆ ಬೇರಿನಿಂದ ಎಲೆಗೆ ಸುತ್ತುತ್ತಿರುತ್ತದೆ. ಹೀಗೆ ಒಳನಾಡಿನಲ್ಲಿ ನೀಲಗಿರಿ ಜಾತಿಯ ಮರಗಳೂ, ನಡುವೆ ಸ್ಯಾಟಿನೇ ಎಂಬ ಹೆಮ್ಮರಗಳಿರುವ ಮಳೆಕಾಡೂ ಬೆಳೆದಿವೆ. ಉಪ್ಪುನೀರಿನ ಹುಳುಗಳಿಗೆ ಬಗ್ಗದ ಸ್ಯಾಟಿನೇ ಮರವನ್ನು ಸೂಯೆಜ್ ಕಾಲುವೆಯ ಕೆಲಸಕ್ಕೂ ಒಯ್ದಿದ್ದರು. 1863ರಿಂದ ನಡೆದ ಮರ ಕಡಿಯುವಿಕೆ 1991ರಲ್ಲಿ ನಿಂತಿತು. ಖನಿಜಕ್ಕಾಗಿ ಮರಳು ತೆಗೆಯುವುದು ಅದಕ್ಕೂ ಮೊದಲು, 1976ರಲ್ಲಿ ಜನರ ಹೋರಾಟದ ಫಲವಾಗಿ ನಿಂತಿತ್ತು. ನಮ್ಮ ಹೊಳೆಗಳ ಹೊಯಿಗೆಯ ಸ್ಥಿತಿಯನ್ನು ಬಲ್ಲ ನಾವು ಈ ಎರಡನೆಯ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು.

ಸರೋವರಗಳ ಗುಟ್ಟೂ ಕೊಳೆತ ಎಲೆಯಲ್ಲಿದೆ. ದಿಬ್ಬಗಳ ನಡುವಿನ ತಗ್ಗಿನಲ್ಲಿ ಎಲೆ ತೊಗಟೆಗಳು ಕೊಳೆತು ಮರಳಿನೊಂದಿಗೆ ಬೆರೆತು ಗಟ್ಟಿ ಪದರವಾಗುತ್ತವೆ, ಅದರ ಮೇಲೆ ಮಳೆನೀರು ಇಂಗದೆ ನಿಲ್ಲುತ್ತದೆ. ಮೆಕೆಂಜಿ ಸರೋವರ ಹೀಗೆ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿ ಬರಿಯ ಮಳೆನೀರಿನಿಂದ ತುಂಬಿದೆ. ಬುಚ್ಚುಲ್ಲಾ ಜನರ ಬೂರಂಗೂರಾ ಅದು. ಒಳಕ್ಕೆ ಹರಿದುಬರುವ ತೊರೆಯಿಲ್ಲ, ಹೊರಕ್ಕೆ ಹೋಗುವ ದಾರಿಯೂ ಇಲ್ಲ. ಆದ್ದರಿಂದಲೇ ಸನ್‌ಸ್ಕ್ರೀನ್ ಹಚ್ಚಿಕೊಂಡು ಅದರಲ್ಲಿ ಮೀಯಬೇಡಿ ಎಂದು ಕೇಳಿಕೊಳ್ಳುತ್ತಾರೆ. ಮೈಯಿಂದ ತೊಳೆದುಹೋದದ್ದು ಅಲ್ಲಿಯೇ ಉಳಿಯುತ್ತದೆ. ಬಿಸಿಲಿಗೆ ತುಂಬುತೋಳಿನ ಬಟ್ಟೆ ತೊಟ್ಟು ನೀರಿಗಿಳಿಯಿರಿ.

ನಾವು ಶುದ್ಧ ಶಾಕಾಹಾರಿಗಳು. ಪ್ರವಾಸದ ಊಟ ನಮಗೆ ಆಗುತ್ತದೆಯೇ? ಮನೆಯಿಂದ ಶೇಂಗಾ ಚಟ್ನಿ, ಜೋಳದ ರೊಟ್ಟಿ ಒಯ್ಯಬಹುದೇ?
– ಓದುಗರು, ಅಕ್ಕಲಕೋಟೆ

ಅಲ್ಲಿ ಶಾಕಾಹಾರ ಎಂದರೆ ಮೊಟ್ಟೆಯೂ ಸೇರಿರಬಹುದು. ಮೊಟ್ಟೆ, ಮೀನು, ಮಾಂಸ ಮೂರೂ ಬೇಡವೆಂದು ಟಿಕೆಟ್ ಕಾಯ್ದಿರಿಸುವಾಗಲೇ ಬರಹದಲ್ಲಿ ತಿಳಿಸಿರಿ. ಊರಿನಿಂದ ಒಯ್ಯುವ ಯಾವುದೇ ತಿನಿಸನ್ನು ವಿಮಾನನಿಲ್ದಾಣದಲ್ಲಿ ಘೋಷಿಸಲೇಬೇಕು, ಮುಚ್ಚಿಟ್ಟರೆ ದೊಡ್ಡ ದಂಡವಿದೆ. ಹಸಿ ಹಣ್ಣು, ತರಕಾರಿ, ಬೀಜ, ವೀಳ್ಯದೆಲೆಗಳನ್ನು ಮನೆಯಲ್ಲೇ ಬಿಟ್ಟುಹೋಗುವುದು ಕ್ಷೇಮ. ದ್ವೀಪದಲ್ಲಿ ಮೆಕೆಂಜಿ ಸರೋವರದ ದಡಕ್ಕೆ ತಿನ್ನುವ ವಸ್ತು ಒಯ್ಯುವಂತಿಲ್ಲ, ಬೇಲಿ ಹಾಕಿದ ಆವರಣದೊಳಗೆ ಕುಳಿತೇ ತಿನ್ನಬೇಕು. ಅದರ ಕಾರಣ ಮುಂದಿನ ಉತ್ತರದಲ್ಲಿದೆ.

ಅಲ್ಲಿ ಡಿಂಗೋ ಎಂಬ ಕಾಡುನಾಯಿಗಳಿವೆಯಂತೆ. ಆರು ವರ್ಷದ ಮೊಮ್ಮಗಳನ್ನು ಕರೆದೊಯ್ಯುವುದು ಸರಿಯೇ?
– ಓದುಗರು, ಮಡಕಶಿರಾ

ಅಮ್ಮ, ಕರೆದೊಯ್ಯಬಹುದು. ಆದರೆ ಮೊಮ್ಮಗಳು ಯಾವಾಗಲೂ ಒಬ್ಬ ದೊಡ್ಡವರ ಕೈಗೆಟಕುವಷ್ಟು ಹತ್ತಿರವೇ ಇರಬೇಕು. ಇದನ್ನು ಮಾತಿಗೆ ಹೇಳುತ್ತಿಲ್ಲ. 2001ರಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ಈ ದ್ವೀಪದಲ್ಲಿ ಡಿಂಗೋಗಳ ದಾಳಿಗೆ ಬಲಿಯಾದನು, ಆಮೇಲೆಯೂ ಮಕ್ಕಳು ಕಚ್ಚಿಸಿಕೊಂಡಿದ್ದಾರೆ.

ನೋಡಲು ಊರನಾಯಿಯಂತೆಯೇ ಕಾಣುವುದರಿಂದ ನಮ್ಮ ಮಕ್ಕಳಿಗೆ ಅದನ್ನು ಕರೆಯಬೇಕು, ಬಿಸ್ಕಿಟ್ ಹಾಕಬೇಕು ಎನಿಸುತ್ತದೆ. ತಿನ್ನಲು ಕೊಡುವುದು ಅಲ್ಲಿ ದಂಡನೀಯ ಅಪರಾಧ. ಮನುಷ್ಯರಿಂದ ತಿನಿಸು ಪಡೆದು ಅಂಜಿಕೆ ಬಿಟ್ಟ ಡಿಂಗೋ ಮುಂದೆ ಜನರ ಮೈಮೇಲೆ ಬರುತ್ತದೆ, ಕೊನೆಗೆ ಅಧಿಕಾರಿಗಳು ಅದನ್ನು ಕೊಲ್ಲಬೇಕಾಗುತ್ತದೆ. ಒಂದು ಬಿಸ್ಕಿಟ್ಟಿನಿಂದ ಮಗುವಿಗೂ ಕೇಡು, ಪ್ರಾಣಿಗೂ ಕೇಡು. ಬುಚ್ಚುಲ್ಲಾ ಜನರಿಗೆ ವಂಗಾರಿ ಎಂಬ ಈ ಪ್ರಾಣಿ ಮನೆತನದ ಒಡನಾಡಿ. ಊರನಾಯಿಯ ತಳಿ ಬೆರೆಯಬಾರದೆಂದು ದ್ವೀಪಕ್ಕೆ ಸಾಕುನಾಯಿಗಳನ್ನು ತರುವಂತಿಲ್ಲ.

ಡಿಂಗೋ ಹತ್ತಿರ ಬಂದರೆ ಓಡಬಾರದು. ಓಡಿದರೆ ಅದು ಬೆನ್ನಟ್ಟುತ್ತದೆ. ಮಗುವನ್ನು ಹತ್ತಿರಕ್ಕೆ ಸೆಳೆದುಕೊಂಡು, ನೆಟ್ಟಗೆ ನಿಂತು, ಅದರ ಕಡೆಗೇ ಮುಖಮಾಡಿ, ಕೈಗಳನ್ನು ಎದೆಗೆ ಕಟ್ಟಿಕೊಂಡು, ಮೆಲ್ಲನೆ ಹಿಂದೆ ಸರಿಯಬೇಕು, ಜೊತೆಗಿದ್ದವರನ್ನು ಕೂಗಬೇಕು. ಹೊರಡುವ ಮೊದಲು ಮನೆಯಂಗಳದಲ್ಲಿಯೇ ಮೊಮ್ಮಗಳಿಗೆ ಇದನ್ನು ಆಟದಂತೆ ಮಾಡಿಸಿ ತೋರಿಸಿರಿ. ಇನ್ನೊಂದು ಮಾತು: ಪೂರ್ವದ ಕಡಲಿಗೆ ಆಕೆಯನ್ನು ಇಳಿಸಬೇಡಿ. ಅಲ್ಲಿ ಬಲವಾದ ಸೆಳೆತವಿದೆ, ಶಾರ್ಕ್‌ಗಳಿವೆ, ಜೀವರಕ್ಷಕರಿಲ್ಲ. ಸರೋವರ ಮತ್ತು ಈಲೈ ತೊರೆ ಅವಳಿಗೆ ಬೇಕಾದಷ್ಟಾಯಿತು.

ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ವಲಿಯಪರಂಬದಂಥ ಉದ್ದನೆಯ ಮರಳಿನ ದ್ವೀಪವಿದೆ. ಅಲ್ಲಿಯೂ ಗಾರಿಯಂತೆ ತೀರದಲ್ಲಿ ಜೀಪು ಪ್ರವಾಸ ಆರಂಭಿಸಿದರೆ ಯುವಕರಿಗೆ ಕೆಲಸವಾಗದೇ?
– ಓದುಗರು, ಉಪ್ಪಳ

ಯುವಕರಿಗೆ ಕೆಲಸ ಬೇಕೆಂಬ ನಿಮ್ಮ ಕಾಳಜಿ ನನ್ನದೂ ಹೌದು, ಆದರೆ ಈ ದಾರಿ ಬೇಡ. ಕವ್ವಾಯಿ ಹಿನ್ನೀರಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ತೆಳ್ಳನೆಯ ಪಟ್ಟಿಯಂತಿರುವ ವಲಿಯಪರಂಬದಲ್ಲಿ ಮನೆ, ತೆಂಗಿನ ತೋಟ, ಶಾಲೆ, ದೋಣಿ ಎಲ್ಲವೂ ಒತ್ತೊತ್ತಾಗಿವೆ. ಮೀನುಗಾರರು ಬಲೆ ಹರಡುವುದೂ ದೋಣಿ ಎಳೆಯುವುದೂ ಅದೇ ತೀರದಲ್ಲಿ. ಮಳೆಗಾಲ ಮುಗಿದ ಬಳಿಕ ಈ ಕರಾವಳಿಯ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವಿಗಳು. ಚಕ್ರದಡಿ ಮರಳು ಬಿಗಿದರೆ ಗೂಡಿನೊಳಗಿನ ಮರಿಗಳು ಮೇಲೆ ಬರಲಾರವು. ಬಂದರೂ ಆಳವಾದ ಚಕ್ರದ ಜಾಡಿನೊಳಗೆ ಬಿದ್ದು ಕಡಲು ಸೇರಲಾರದೆ ಉಳಿಯುತ್ತವೆ. ಸುಮಾರು 1,800 ಚದರ ಕಿಲೋಮೀಟರಿನ ಗಾರಿಯಲ್ಲಿ ಪರವಾನಗಿ, ದಂಡ, ಕಾವಲುಗಾರರೆಲ್ಲ ಇದ್ದೂ ವಾಹನಗಳ ಒತ್ತಡದ ಬಗ್ಗೆ ವಾದ ನಿಂತಿಲ್ಲ. ನಮ್ಮ ಕಿರುಪಟ್ಟಿ ಅದನ್ನು ತಡೆಯಲಾರದು.

ಮರಳಿನ ಮೇಲೆ ವಾಹನದಲ್ಲಿ ಹೋಗುವ ಅನುಭವವೇ ಬೇಕಾದವರಿಗೆ ಕಣ್ಣೂರಿನಿಂದಾಚೆ ತಲಶ್ಶೇರಿಗೆ ಹೋಗುವ ದಾರಿಯ ಮುಳಪ್ಪಿಲಂಗಾಡ್ ತೀರವಿದೆ. ಅಲ್ಲಿ ಮರಳು ಸಹಜವಾಗಿಯೇ ಗಟ್ಟಿಯಾದ್ದರಿಂದ ಸಾಮಾನ್ಯ ಕಾರೇ ಸಾಕು. 1964ರ ಚಂಡಮಾರುತದಲ್ಲಿ ಹಾಳಾದ ರಾಮೇಶ್ವರದ ಧನುಷ್ಕೋಡಿಗೂ ಮೊದಲು ಮರಳಿನಲ್ಲಿ ಜೀಪು ವ್ಯಾನುಗಳೇ ಹೋಗುತ್ತಿದ್ದವು, 2017ರಿಂದ ಕೊನೆಯವರೆಗೂ ಡಾಂಬರು ರಸ್ತೆಯಿದೆ. ವಲಿಯಪರಂಬವನ್ನು ಕಾಣಬೇಕಾದದ್ದು ಹಿನ್ನೀರಿನ ಕಡೆಯಿಂದ, ದೋಣಿಯಲ್ಲಿ. ಆ ದೋಣಿ ನಡೆಸುವ, ಆಮೆಯ ಗೂಡು ಕಾಯುವ, ಬಂದವರಿಗೆ ಮನೆಯಲ್ಲೇ ಊಟ ಬಡಿಸುವ ಕೆಲಸಗಳು ನೀವು ಹೇಳುವ ಯುವಕರಿಗೇ ಸಿಗಬೇಕು. ಆ ಬೇಡಿಕೆಯನ್ನು ಪಂಚಾಯತಿಯ ಮುಂದಿಡುವುದಾದರೆ ಪತ್ರಕ್ಕೆ ನನ್ನ ಸಹಿಯೂ ಇರಲಿ.